ಸೋಪಿನ ಪರಿಮಳ, ಮರದ ಲೆಕ್ಕ

ಇವತ್ತು ಕೇಳೋಕೆ ಶುರು ಮಾಡೋ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ರೇಷ್ಮೆ ಸೀರೆ ಇಡೋ ಬೀರು ಇದ್ರೆ ಅದರ ಬಾಗಿಲು ತೆಗೆದು ನೋಡಿ. ಸೀರೆಗಳ ಮಧ್ಯೆ ಖಾಲಿ ಸೋಪಿನ ಡಬ್ಬ ಸಿಕ್ಕಿದ್ರೆ, ಇವತ್ತಿನ ಎಪಿಸೋಡ್ ನಿಮ್ಮ ಮನೆಯದ್ದೇ ಕಥೆ.

ನಮ್ಮಜ್ಜಿ ಮೈಸೂರ್ ಸ್ಯಾಂಡಲ್ ಸೋಪಿನ ಡಬ್ಬ ಒಂದನ್ನೂ ಬಿಸಾಡ್ತಿರಲಿಲ್ಲ. ಸೋಪು ಖರ್ಚಾದ ಮೇಲೂ ಡಬ್ಬದ ವಾಸನೆ ವರ್ಷಗಟ್ಟಲೆ ಇರುತ್ತೆ ಅಂತ ಸೀರೆ ಮಡಿಕೆಯಲ್ಲಿ ಇಡ್ತಿದ್ರು. ಇದೇ ಅಜ್ಜಿ ಅರಸೀಕೆರೆ ಕಡೆಯ ನಮ್ಮ ಊರಲ್ಲಿ, ಹೊಲದ ಬದುವಿನ ಮೇಲೆ ಗಂಧದ ಸಸಿ ತಾನಾಗೇ ಹುಟ್ಟಿದ್ರೆ ಯಾರಿಗೂ ಹೇಳದೆ ಕಿತ್ತು ಹಾಕ್ತಿದ್ರು. "ಅದು ಬೆಳೆದ್ರೆ ನಮಗೆ ಕೇಡು ಕಣೋ" ಅಂತಿದ್ರು. ಪರಿಮಳ ಬೇಕು, ಮರ ಮಾತ್ರ ಬೇಡ. ಇದೆಂಥಾ ವಿಚಿತ್ರ ಅಂತ ನಾನು ಅಂದುಕೊಂಡಿದ್ದೆ. ಬಿ.ಕಾಂ ಮುಗಿಸಿ, ನಮ್ಮ ರಾಜ್ಯದ ಹಳೇ ಕಂಪನಿಗಳ ಬಗ್ಗೆ ಓದೋಕೆ ಶುರು ಮಾಡಿದ ಮೇಲೆ ಗೊತ್ತಾಯ್ತು, ಅಜ್ಜಿ ಮಾಡಿದ್ದು ಪಕ್ಕಾ ಲೆಕ್ಕಾಚಾರ. ಆ ಲೆಕ್ಕ ಅರ್ಥ ಆಗಬೇಕಾದ್ರೆ ಸೋಪಿಗಿಂತ ಹಿಂದಕ್ಕೆ ಹೋಗಬೇಕು.

1792ಕ್ಕೆ ಹೋಗೋಣ. ಟಿಪ್ಪು ಸುಲ್ತಾನ್ ಶ್ರೀಗಂಧವನ್ನ ರಾಜಮರ ಅಂತ ಘೋಷಿಸಿದ. ಅಂದ್ರೆ ಮರ ಎಲ್ಲೇ ಬೆಳೆದಿರಲಿ, ಕಾಡಿನಲ್ಲೋ ರೈತನ ಹಿತ್ತಲಲ್ಲೋ, ಅದು ಸರ್ಕಾರದ ಆಸ್ತಿ. ಟಿಪ್ಪು ಹೋದ, ಒಡೆಯರು ಬಂದ್ರು, ಬ್ರಿಟಿಷ್ ಕಮಿಷನರುಗಳು ಬಂದ್ರು, ಮತ್ತೆ ಒಡೆಯರು ಬಂದ್ರು. ಆಳೋರು ಬದಲಾದ್ರೂ ಈ ನಿಯಮ ಬದಲಾಗಲಿಲ್ಲ. ಖಜಾನೆಗೆ ಇಷ್ಟು ಸುಲಭವಾಗಿ ದುಡ್ಡು ತರೋ ಮರವನ್ನ ಯಾರು ತಾನೇ ಬಿಟ್ಟುಕೊಡ್ತಾರೆ ಹೇಳಿ? ಕಡಿದ ಗಂಧವನ್ನ ಸರ್ಕಾರಿ ಕೋಠಿಗಳಿಗೆ ತಂದು, ಚೆಕ್ಕೆ ಹೊಡೆದು, ದರ್ಜೆ ಮಾಡಿ ಹರಾಜು ಹಾಕ್ತಿದ್ರು. ಹಾಸನದಲ್ಲಿ ಇವತ್ತಿಗೂ ಗಂಧದಕೋಠಿ ಅನ್ನೋ ಹೆಸರು ಉಳಿದಿದೆ.

ಹರಾಜಲ್ಲಿ ಕೊಳ್ಳೋರು ಯಾರು? ದೊಡ್ಡ ಪಾಲು ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗ್ತಿತ್ತು. ಅಲ್ಲಿ ಎಣ್ಣೆ ತೆಗೀತಿದ್ರು. ನಾವು ಕೊರಡು ಮಾರ್ತಿದ್ವಿ, ಅವರು ಎಣ್ಣೆ ಮಾರ್ತಿದ್ರು. ಕಾಮರ್ಸ್ ಓದಿದೋರಿಗೆ ಇಲ್ಲಿ ನಷ್ಟ ಎಲ್ಲಿದೆ ಅಂತ ಬಿಡಿಸಿ ಹೇಳಬೇಕಿಲ್ಲ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು. ಜರ್ಮನಿ ಈಗ ಶತ್ರು ದೇಶ. ಮೈಸೂರಿನ ಗಂಧಕ್ಕೆ ಕೊಳ್ಳೋರಿಲ್ಲ, ಕೋಠಿಗಳಲ್ಲಿ ಮಾಲು ಹಾಗೇ ಬಿದ್ದಿದೆ. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯ ದಿವಾನರು. ಕೈಗಾರಿಕಾ ಇಲಾಖೆಯ ಹೊಣೆ ಆಲ್ಫ್ರೆಡ್ ಚಾಟರ್ಟನ್ ಅನ್ನೋ ಇಂಗ್ಲಿಷ್ ಅಧಿಕಾರಿಯದ್ದು. ಇವರ ಮುಂದಿದ್ದ ಪ್ರಶ್ನೆ ಸರಳವಾಗಿತ್ತು: ಎಣ್ಣೆ ನಾವೇ ಯಾಕೆ ತೆಗೀಬಾರದು?

ಉತ್ತರ ಸಿಕ್ಕಿದ್ದು ಬೆಂಗಳೂರಲ್ಲೇ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯೋ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಅಂತ ಇಬ್ಬರು ರಸಾಯನಶಾಸ್ತ್ರದ ಪ್ರಾಧ್ಯಾಪಕರಿದ್ರು. ಗಂಧದ ಪುಡಿಗೆ ಹಬೆ ಹಾಯಿಸಿ, ಆ ಹಬೆಯನ್ನ ತಣ್ಣಗೆ ಮಾಡಿ ಎಣ್ಣೆ ಬೇರೆ ಮಾಡೋ ವಿಧಾನವನ್ನ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ್ರು. 1916ರಲ್ಲಿ ಬೆಂಗಳೂರಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಶುರುವಾಯ್ತು, ಆಮೇಲೆ ಮೈಸೂರಲ್ಲಿ ಇನ್ನೊಂದು. ಯೋಚನೆ ಮಾಡಿ, ಕಾಲೇಜಿನ ಲ್ಯಾಬಿಂದ ಫ್ಯಾಕ್ಟರಿಗೆ ಬರೋಕೆ ಎರಡು ವರ್ಷ ಕೂಡ ಹಿಡೀಲಿಲ್ಲ. ನೂರು ವರ್ಷದ ಹಿಂದಿನ ಬೆಂಗಳೂರಿನ ಸ್ಟಾರ್ಟಪ್ ಅಂದ್ರೆ ಇದೇ.

ಎಣ್ಣೆ ಆದ ಮೇಲೆ ಸೋಪು. ವಿದೇಶದಿಂದ ಬಂದ ಅತಿಥಿಗಳು ಮಹಾರಾಜರಿಗೆ ನಮ್ಮದೇ ಗಂಧದೆಣ್ಣೆಯಿಂದ ಮಾಡಿದ ಸೋಪನ್ನ ಉಡುಗೊರೆ ಕೊಟ್ಟರು, ಆಗ ಮಹಾರಾಜರಿಗೆ ಈ ಯೋಚನೆ ಹೊಳೀತು ಅಂತ ಒಂದು ಕಥೆ ಹೇಳ್ತಾರೆ. ಕಥೆ ಚೆನ್ನಾಗಿದೆ, ಇರಲಿ. ದಾಖಲೆಯಲ್ಲಿ ಎದ್ದು ಕಾಣೋ ಹೆಸರು ಮಾತ್ರ ಸೋಸಲೆ ಗರಳಪುರಿ ಶಾಸ್ತ್ರಿಗಳದ್ದು. ಸೋಪು ಮಾಡೋ ವಿದ್ಯೆ ಕಲಿಯೋಕೆ ಸರ್ಕಾರ ಅವರನ್ನ ಇಂಗ್ಲೆಂಡಿಗೆ ಕಳಿಸ್ತು. ವಾಪಸ್ ಬಂದು ಎಷ್ಟು ಚೆನ್ನಾಗಿ ಮಾಡಿದ್ರು ಅಂದ್ರೆ ಜನ ಅವರನ್ನ 'ಸೋಪ್ ಶಾಸ್ತ್ರಿ' ಅಂತಲೇ ಕರೆದ್ರು. ಬೆಂಗಳೂರಿನ ಸರ್ಕಾರಿ ಸೋಪಿನ ಕಾರ್ಖಾನೆ 1918ರದ್ದು.

ಶಾಸ್ತ್ರಿಗಳ ಜಾಣ್ಮೆ ಬರೀ ರಸಾಯನಶಾಸ್ತ್ರದಲ್ಲಿ ಇರಲಿಲ್ಲ. ಸೋಪಿಗೆ ಕೈಯಲ್ಲಿ ಕೂರೋ ಮೊಟ್ಟೆಯಾಕಾರ, ಒಡವೆ ಪೆಟ್ಟಿಗೆ ಥರದ ಡಬ್ಬ, ಅದರ ಮೇಲೆ ಆನೆಯ ತಲೆ ಸಿಂಹದ ಮೈ ಇರೋ ಶರಭ. ಸೋಪನ್ನ ಬಚ್ಚಲುಮನೆ ಸಾಮಾನಿನ ಥರ ನೋಡದೆ, ಮದುವೆಗೆ ಕೊಡಬಹುದಾದ ಉಡುಗೊರೆ ಥರ ಮಾರಿದ್ರು. ಅಜ್ಜಿ ಡಬ್ಬ ಎತ್ತಿಟ್ಟುಕೊಂಡಿದ್ದು ಸುಮ್ಮನೆ ಅಲ್ಲ, ಎತ್ತಿಟ್ಟುಕೊಳ್ಳಲಿ ಅಂತಲೇ ಅದನ್ನ ಹಾಗೆ ಮಾಡಿದ್ದು.

ಮುಂದಿನದ್ದು ಬೇಗ ಹೇಳ್ತೀನಿ. 1944ರಲ್ಲಿ ಶಿವಮೊಗ್ಗದಲ್ಲೂ ಎಣ್ಣೆ ಕಾರ್ಖಾನೆ ಬಂತು. 1950ರ ದಶಕದಲ್ಲಿ ಸೋಪಿನ ಕಾರ್ಖಾನೆ ಈಗಿರೋ ಜಾಗಕ್ಕೆ, ರಾಜಾಜಿನಗರ–ಯಶವಂತಪುರದ ಕಡೆಗೆ ಬಂತು. 1980ರಲ್ಲಿ ಎಲ್ಲ ಸೇರಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಅನ್ನೋ ಸರ್ಕಾರಿ ಕಂಪನಿ ಆಯ್ತು. 1990ರ ದಶಕದಲ್ಲಿ ಕಂಪನಿ ನಷ್ಟಕ್ಕೆ ಬಿದ್ದು, ರೋಗಗ್ರಸ್ತ ಉದ್ದಿಮೆಗಳನ್ನ ನೋಡಿಕೊಳ್ಳೋ ಬಿಐಎಫ್‌ಆರ್ ಮುಂದೆ ಹೋಗಿ ನಿಂತಿತ್ತು. 2003ರ ಹೊತ್ತಿಗೆ ಹಳೇ ನಷ್ಟ ತೀರಿಸಿ ಎದ್ದು ನಿಲ್ತು. ಆಮೇಲೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ತು. 2023–24ರಲ್ಲಿ ಲಾಭ ಸುಮಾರು 362 ಕೋಟಿ ರೂಪಾಯಿ, ಸರ್ಕಾರಕ್ಕೆ ಕೊಟ್ಟ ಲಾಭಾಂಶ 108.62 ಕೋಟಿ. ಸರ್ಕಾರಿ ಕಂಪನಿ ಅಂದ್ರೆ ಮೂಗು ಮುರಿಯೋರಿಗೆ ಇದೊಂದು ಒಳ್ಳೇ ಉತ್ತರ.

ಇಲ್ಲಿಗೆ ನಿಲ್ಲಿಸಿದ್ರೆ ಚಪ್ಪಾಳೆ ತಟ್ಟಿ ಎದ್ದು ಹೋಗಬಹುದು. ಆದ್ರೆ ಅಜ್ಜಿ ಕಿತ್ತ ಸಸಿ ಇನ್ನೂ ಬಾಕಿ ಇದೆ.

ಈ ಇಡೀ ಕಥೆಯಲ್ಲಿ ವಿಜ್ಞಾನಿ ಇದ್ದಾರೆ, ದಿವಾನರಿದ್ದಾರೆ, ಮಹಾರಾಜರಿದ್ದಾರೆ. ಮರ ಬೆಳೆದ ಜಮೀನಿನೋನು ಎಲ್ಲಿ? ಅವನಿಗೆ ಕಾನೂನು ಕೊಟ್ಟಿದ್ದು ಕಾವಲುಗಾರನ ಕೆಲಸ. ಮರ ಸರ್ಕಾರದ್ದು, ನೋಡಿಕೊಳ್ಳೋ ಜವಾಬ್ದಾರಿ ಅವನದ್ದು. ರಾತ್ರಿ ಯಾರೋ ಬಂದು ಕಡಿದುಕೊಂಡು ಹೋದ್ರೆ ಬೆಳಗ್ಗೆ ಮೊದಲ ಪ್ರಶ್ನೆ ಅವನಿಗೇ. ಮುಂದೆ ಮಾರಾಟದ ದುಡ್ಡಲ್ಲಿ ಜಮೀನುದಾರನಿಗೆ ಬೋನಸ್ ಅಂತ ಒಂದು ಪಾಲು ಕೊಡೋ ವ್ಯವಸ್ಥೆ ಬಂತು, ನಿಜ. ಆದ್ರೂ ಮರ ಅವನದ್ದಾಗಲಿಲ್ಲ. ಲಾಭ ಖಾತ್ರಿ ಇಲ್ಲ, ಪೊಲೀಸು, ಫಾರೆಸ್ಟು ಮನೆ ಬಾಗಿಲಿಗೆ ಬರೋ ಭಯ ಮಾತ್ರ ಖಾತ್ರಿ. ಹೀಗಿದ್ದಾಗ ಬುದ್ಧಿ ಇರೋ ಯಾರಾದ್ರೂ ಏನು ಮಾಡ್ತಾರೆ? ಸಸಿ ಎರಡೆಲೆ ಇದ್ದಾಗಲೇ ಕಿತ್ತು ಹಾಕ್ತಾರೆ.

ಗಂಧದ ಮರದ ಸ್ವಭಾವ ನೋಡಿದ್ರೆ ಇದರಿಂದಾದ ನಷ್ಟ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ಶ್ರೀಗಂಧ ಅರೆ ಪರಾವಲಂಬಿ. ಅದರ ಬೇರು ಪಕ್ಕದ ಗಿಡಗಳ ಬೇರಿಗೆ ಅಂಟಿಕೊಂಡು ಅಲ್ಲಿಂದ ನೀರು, ಪೋಷಕಾಂಶ ಎಳೆದುಕೊಳ್ಳುತ್ತೆ. ಒಂಟಿಯಾಗಿ ಚೆನ್ನಾಗಿ ಬೆಳೆಯಲ್ಲ. ಅಂದ್ರೆ ಹೊಂಗೆ, ತೊಗರಿ, ಬೇಲಿಗಿಡ ಎಲ್ಲ ಇರೋ ರೈತನ ಬದು ಅದಕ್ಕೆ ಹೇಳಿ ಮಾಡಿಸಿದ ಜಾಗ. ಕಂಪನಿಯ ಅತ್ಯುತ್ತಮ ತೋಟ ಲಕ್ಷಾಂತರ ಹೊಲಗಳ ಬದುವಿನ ಮೇಲೆ ಪುಕ್ಕಟೆಯಾಗಿ ಹುಟ್ಟುತ್ತಿತ್ತು, ಕಾನೂನೇ ಅದನ್ನ ಕೀಳಿಸ್ತಿತ್ತು. ಎಣ್ಣೆ ಇರೋದು ಮರದ ಒಳತಿರುಳಲ್ಲಿ ಮತ್ತು ಬೇರಲ್ಲಿ, ಅದು ಚೆನ್ನಾಗಿ ಬಲಿಯೋಕೆ 25–30 ವರ್ಷ ಬೇಕು. ಅದಕ್ಕೇ ಗಂಧದ ಮರವನ್ನ ಬುಡದಲ್ಲಿ ಕಡಿಯಲ್ಲ, ಬೇರುಸಮೇತ ಅಗೆದು ತೆಗೀತಾರೆ. ಇವತ್ತು ಕಿತ್ತ ಸಸಿಯ ಕೊರತೆ ಫ್ಯಾಕ್ಟರಿಗೆ ಗೊತ್ತಾಗೋದು ಮುಂದಿನ ತಲೆಮಾರಿಗೆ. ಅಷ್ಟು ಉದ್ದದ ಕಾಲ ಯಾವ ವಾರ್ಷಿಕ ಬ್ಯಾಲೆನ್ಸ್ ಶೀಟಲ್ಲೂ ಕಾಣಲ್ಲ.

ಹೊಲದ ಮರ ಹೀಗೆ ಹೋದ್ರೆ, ಕಾಡಿನ ಮರಕ್ಕೆ ಬೇರೆ ಶತ್ರುಗಳು. ಕೊಡಗಿನಲ್ಲಿ 1899ರಲ್ಲೇ ಗುರುತಿಸಿದ್ದ ಸ್ಪೈಕ್ ರೋಗ ಮರಗಳನ್ನ ಒಣಗಿಸ್ತು. ಉಳಿದಿದ್ದನ್ನ ಕಳ್ಳಸಾಗಣೆ ತಿಂತು. ವೀರಪ್ಪನ್ 2004ರಲ್ಲಿ ಸತ್ತ, ಆದ್ರೆ ಅಷ್ಟರಲ್ಲಿ ಕಾಡಿನ ದೊಡ್ಡ ಮರಗಳು ಹೋಗಿಬಿಟ್ಟಿದ್ವು. ಸಾಗರ, ಸೊರಬದ ಗುಡಿಗಾರರು ತಲೆತಲಾಂತರದಿಂದ ಗಂಧ ಕೆತ್ತಿ ಬದುಕಿದೋರು, ಅವರಿಗೂ ಮರ ಸಿಗೋದು ಕಷ್ಟವಾಯ್ತು. ಗಂಧದ ನಾಡು ಅಂತ ಹಾಡಿ ಹೊಗಳ್ತೀವಿ, ನಮ್ಮ ಸಿನಿಮಾ ರಂಗಕ್ಕೂ ಸ್ಯಾಂಡಲ್‌ವುಡ್ ಅಂತೀವಿ. ಅತ್ತ ಪಶ್ಚಿಮ ಆಸ್ಟ್ರೇಲಿಯಾದ ಕುನುನುರದಲ್ಲಿ ಇದೇ ಭಾರತೀಯ ಶ್ರೀಗಂಧವನ್ನ ಸಾವಿರಾರು ಎಕರೆಯಲ್ಲಿ ತೋಟ ಮಾಡಿದ್ರು.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಆಯ್ತು: ಜಮೀನಿನಲ್ಲಿರೋ ಶ್ರೀಗಂಧ ಜಮೀನಿನವನದ್ದೇ. ಟಿಪ್ಪುವಿನ ಆದೇಶ ಆಗಿ ಇನ್ನೂರು ವರ್ಷದ ಮೇಲೆ. ಸೋಪಿನ ಕಂಪನಿಯೂ ರೈತರಿಗೆ ಸಸಿ ಕೊಟ್ಟು, ಬೆಳೆದ ಮರವನ್ನ ಕೊಳ್ಳೋ ಯೋಜನೆ ತಂತು. ನನ್ನ ಪ್ರಕಾರ ಈ ಕಂಪನಿಯ ಇತಿಹಾಸದಲ್ಲಿ 1916ರಷ್ಟೇ ದೊಡ್ಡ ತಿರುವು ಇದು. ಮೊದಲನೇ ಸಲ ಮರದಿಂದ ಬೆಲೆ ಹುಟ್ಟಿಸೋದು ಹೇಗೆ ಅಂತ ಕಲಿತ್ವಿ. ಎರಡನೇ ಸಲ ಆ ಬೆಲೆಯಲ್ಲಿ ಬೆಳೆದೋನಿಗೂ ಹಕ್ಕಿದೆ ಅಂತ ಒಪ್ಪಿಕೊಂಡ್ವಿ.

ಹಾಗಂತ ಎಲ್ಲ ಸರಿ ಹೋಗಿಲ್ಲ. ಇವತ್ತು ಗಂಧ ಹಾಕಿರೋ ರೈತನ ತೋಟ ನೋಡಿ: ತಂತಿ ಬೇಲಿ, ಸಿಸಿ ಕ್ಯಾಮೆರಾ, ನಾಯಿ, ರಾತ್ರಿ ಕಾವಲು. ಕಡಿಯೋಕೆ ಅನುಮತಿ, ಸಾಗಿಸೋಕೆ ಅನುಮತಿ. ಭಯದ ಹೆಸರು ಬದಲಾಗಿದೆ, ಅಷ್ಟೇ. ಮೊದಲು ಸರ್ಕಾರದ ಭಯ, ಈಗ ಕಳ್ಳರದ್ದು.

2025ರ ಮೇನಲ್ಲಿ ಕಂಪನಿ ನಟಿ ತಮನ್ನಾ ಭಾಟಿಯಾ ಅವರನ್ನ ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ರಾಯಭಾರಿ ಮಾಡಿಕೊಂಡಾಗ ರಾಜ್ಯದಲ್ಲಿ ದೊಡ್ಡ ಗಲಾಟೆ ಆಯ್ತು. ಕನ್ನಡದೋರು ಸಿಗಲಿಲ್ವಾ ಅಂತ ಎಲ್ಲರೂ ಕೇಳಿದ್ರು. ಹೊರರಾಜ್ಯದ ಮಾರುಕಟ್ಟೆ ಬೇಕು ಅಂತ ಸರ್ಕಾರ ಹೇಳ್ತು. ಎರಡೂ ಕಡೆ ಒಂದಿಷ್ಟು ನ್ಯಾಯ ಇದೆ. ಡಬ್ಬದ ಮೇಲೆ ಯಾರ ಮುಖ ಇರಬೇಕು ಅಂತ ವಾರಗಟ್ಟಲೆ ಜಗಳ ಆಡಿದ ನಾವು, ಡಬ್ಬದ ಒಳಗಿನ ಪರಿಮಳ ಎಲ್ಲಿಂದ ಬರ್ತಿದೆ ಅಂತ ಒಂದು ದಿನವೂ ಕೇಳಲಿಲ್ಲ. ನನಗೆ ಬೇಜಾರಾಗಿದ್ದು ಅದಕ್ಕೆ. 108 ಕೋಟಿ ಲಾಭಾಂಶದ ಚೆಕ್ ಕೊಡೋ ಫೋಟೋ ಪೇಪರಲ್ಲಿ ಬರುತ್ತೆ. ಮರ ಕಾಯೋ ರೈತನ ವಿಮೆಗೆ, ಕಾವಲಿಗೆ, ಬೇಗ ಸಿಗೋ ಅನುಮತಿಗೆ ಆ ಲಾಭದಲ್ಲಿ ಒಂದು ಪಾಲು ಅಂತ ಬರೆದಿಟ್ಟರೆ, ಅದಕ್ಕಿಂತ ದೊಡ್ಡ ಜಾಹೀರಾತು ಬೇಕಾ?

ಬೆಂಗಳೂರು ಮೆಟ್ರೋ ಹಸಿರು ಮಾರ್ಗದಲ್ಲಿ ಯಶವಂತಪುರದ ಪಕ್ಕದ ನಿಲ್ದಾಣದ ಹೆಸರೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಅಲ್ಲಿ ಇಳಿದಾಗ ಕೆಲವು ದಿನ ಗಾಳಿಯಲ್ಲಿ ಆ ಪರಿಮಳ ಇರುತ್ತೆ. ಕಾನೂನು ಬದಲಾದ ಹೊಸದರಲ್ಲಿ ಧೈರ್ಯ ಮಾಡಿ ಯಾರೋ ನೆಟ್ಟ ಸಸಿಗಳು ಈಗಷ್ಟೇ ಬಲೀತಾ ಇವೆ. ಕಂಪನಿಯ ಎರಡನೇ ಶತಮಾನ ನಿಂತಿರೋದು ಅವುಗಳ ಮೇಲೆ.

ನಮ್ಮ ಹೊಲದ ಬದುವಿನ ಮೇಲೂ ಈಗ ಎರಡು ಗಂಧದ ಸಸಿ ಇವೆ, ಹಕ್ಕಿ ತಂದು ಹಾಕಿದ್ದು. ಯಾರೂ ಕಿತ್ತಿಲ್ಲ. ಅಜ್ಜಿ ಇದ್ದಿದ್ರೆ ಏನಂತಿದ್ರೋ.

ನಿಮ್ಮ ಮನೆಯಲ್ಲೂ ಗಂಧದ ಮರದ ಇಂಥ ಕಥೆ ಇದ್ರೆ ಬರೆದು ಕಳಿಸಿ.