ಒಂದ ಲೆನ್ಸ್ ಸಾಕ್ರಿ

ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರವಾಲಾ. ಹುಟ್ಟಿದ್ದು 1913ರಲ್ಲಿ, ಗುಜರಾತಿನ ನವಸಾರಿಯೊಳಗ. 1942ರಿಂದ ದಿಲ್ಲಿಯೊಳಗಿದ್ದು, ಸೀರಿ ಉಟ್ಟಕೊಂಡ ನೆಹರೂ ಕಾಲದ ಫೋಟೋ ತೆಗೆದರು. ಅವರು ಬಳಸಿದ ರೋಲಿಫ್ಲೆಕ್ಸ್ ಕ್ಯಾಮೆರಾಕ್ಕ ಎರಡು ಲೆನ್ಸ್: ಮ್ಯಾಲಿಂದು ನೋಡಾಕ, ಕೆಳಗಿಂದು ಫೋಟೋ ತೆಗಿಯಾಕ. ಬಿಚ್ಚಿ ಬ್ಯಾರೇದು ಹಾಕೂ ಹಂಗಿಲ್ಲ. ಮುಖ ದೊಡ್ಡದಾಗಿ ಬೇಕಂದ್ರ ತಾವ ಹತ್ರ ಹೋಗಬೇಕು.

ಅಕ್ಕಂದಿರಾ, ಹಳೇ ರೀಲ್ ಕ್ಯಾಮೆರಾ ಈಗ ಹುಡುಗ್ಯಾರ ಕೈಗೆ ಬರಾಕತ್ತಾವ, ಚೊಲೋನ ಆತು. ಆದ್ರ ಲಗೂನ ಮೂರು ಲೆನ್ಸ್ ಕೊಡಸಬ್ಯಾಡ್ರಿ. ಅದರ ಜೋಡಿ ಬಂದ 50 ಮಿಲಿಮೀಟರ್ ಲೆನ್ಸಿಗೆ ಬೂಷ್ಟು ಹಿಡಿದಿಲ್ಲಂದ್ರ ಅದ ಸಾಕು. ಪಡಸಾಲಿ ಬೆಳಕಿನಾಗೂ ಕೆಲಸಾ ಮಾಡ್ತೈತಿ. ಉಳಿದ ರೊಕ್ಕ ರೀಲಿಗೆ ಇಡ್ರಿ, ಒಂದರಾಗ 36 ಫೋಟೋ ಅಷ್ಟ. ಅಜ್ಜಿ ಗಟ್ಟಿ ಇದ್ದಾಗನ ಆಕಿ ಫೋಟೋ ಆಗ್ಲಿ.