ಮೇರಿ ಸೂ ಯಾರು? (ಫ್ಯಾನ್ ಫಿಕ್ಷನ್ ಇತಿಹಾಸ, ಭಾಗ 3)

ಸಿನಿಮಾದಲ್ಲಿ ಹೀರೋಯಿನ್‌ಗೆ ಸ್ವಲ್ಪ ಜಾಸ್ತಿ ಪ್ರತಿಭೆ ಇದ್ರೆ ಸಾಕು, ಕಾಮೆಂಟಲ್ಲಿ ಯಾರಾದ್ರೂ ಒಬ್ರು ‘ಇವಳು ಮೇರಿ ಸೂ’ ಅಂತ ಬರೀತಾರೆ. 2015ರ ಸ್ಟಾರ್ ವಾರ್ಸ್‌ನಲ್ಲಿ ಬಂದ ರೇಗೂ ಅದೇ ಬಿರುದು ಸಿಕ್ತು. ಈ ಮೇರಿ ಸೂ ಹುಟ್ಟಿದ್ದು 1973ರಲ್ಲಿ, ಅಮೆರಿಕದಲ್ಲಿ, ಒಂದು ತಮಾಷೆಯಾಗಿ.

‘ಸ್ಟಾರ್ ಟ್ರೆಕ್’ ಟಿವಿ ಸರಣಿ 1966ರಲ್ಲಿ ಶುರುವಾಗಿ 1969ಕ್ಕೆ ನಿಂತುಹೋಯ್ತು. ಅಭಿಮಾನಿಗಳು ಬಿಡಲಿಲ್ಲ. ಅದೇ ಪಾತ್ರಗಳನ್ನಿಟ್ಟು ತಾವೇ ಕಥೆ ಬರೆದು, ಟೈಪ್ ಮಾಡಿ, ಪ್ರತಿ ತೆಗೆದು ಅಂಚೆಯಲ್ಲಿ ಹಂಚ್ತಿದ್ರು. ಬರೆಯುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು.

ಆದರೆ ಸರಣಿಯಲ್ಲಿ ಅವರಿಗೆ ಸಿಕ್ಕಿದ್ದೇನು? ಮೊದಲ ಪೈಲಟ್ ಕಂತಿನಲ್ಲಿ ಕ್ಯಾಪ್ಟನ್ ನಂತರದ ಸ್ಥಾನ ಒಬ್ಬ ಮಹಿಳೆಯದು. ಎನ್‌ಬಿಸಿ ಚಾನೆಲ್ ಆ ಕಂತನ್ನು ತಿರಸ್ಕರಿಸಿತು, ಪಾತ್ರವೇ ಮಾಯ. ಅದನ್ನು ಮಾಡಿದ್ದ ಮೇಜಲ್ ಬ್ಯಾರೆಟ್ ಆಮೇಲೆ ವಾಪಸ್ ಬಂದದ್ದು ನರ್ಸ್ ಚಾಪೆಲ್ ಆಗಿ, ಸ್ಪಾಕ್‌ಗಾಗಿ ಕೊರಗೋ ಹುಡುಗಿಯಾಗಿ! ಸಂಪರ್ಕ ಅಧಿಕಾರಿ ಉಹುರಾಗಂತೂ ಮೂರು ಸೀಸನ್ನಲ್ಲೂ ಒಂದು ಮೊದಲ ಹೆಸರೂ ಸಿಗಲಿಲ್ಲ.

ಹಾಗಾಗಿ ಎಷ್ಟೋ ಹುಡುಗಿಯರು ಹೊಸ ನಾಯಕಿಯನ್ನು ಸೃಷ್ಟಿಸಿ ಹಡಗು ಹತ್ತಿಸಿದ್ರು. ಒಂದು ರೀತಿಯಲ್ಲಿ ತಾವೇ ಹತ್ತಿದ್ರು. ಇಂಥ ಕಥೆ ಓದಿ ಓದಿ ಸುಸ್ತಾದ ಪೌಲಾ ಸ್ಮಿತ್ ‘ಮೆನಾಜರಿ’ ಅನ್ನೋ ಅಭಿಮಾನಿ ಪತ್ರಿಕೆಯಲ್ಲಿ ಒಂದು ಪುಟ್ಟ ಅಣಕ ಬರೆದರು. ಹದಿನೈದೂವರೆ ವರ್ಷದ ಲೆಫ್ಟಿನೆಂಟ್ ಮೇರಿ ಸೂ. ನೋಡಿದ ತಕ್ಷಣ ಕ್ಯಾಪ್ಟನ್ ಕರ್ಕ್ ಮನಸೋಲುತ್ತಾನೆ. ಹೇರ್‌ಪಿನ್‌ನಲ್ಲಿ ಬೀಗ ತೆಗೆದು ಎಲ್ಲರನ್ನೂ ಕಾಪಾಡ್ತಾಳೆ, ಹಡಗು ನಡೆಸ್ತಾಳೆ, ನೊಬೆಲ್ ಶಾಂತಿ ಪ್ರಶಸ್ತಿ ಗೆಲ್ತಾಳೆ. ಕೊನೆಗೆ ಸಾಯ್ತಾಳೆ, ಎಲ್ಲರೂ ಅಳ್ತಾರೆ. ನಿಜಕ್ಕೂ ನಗು ಬರುತ್ತೆ.

ತೊಂದರೆ ಆಗಿದ್ದು ಆಮೇಲೆ. ಒಂದು ಥರದ ಕೆಟ್ಟ ಕಥೆಗೆ ಇಟ್ಟ ಹೆಸರು ಯಾವ ಹೊಸ ಹೆಣ್ಣು ಪಾತ್ರ ಬಂದರೂ ಹಚ್ಚೋ ಹಣೆಪಟ್ಟಿ ಆಯ್ತು. ಜಾನಪದ ಸಂಶೋಧಕಿ ಕಮಿಲ್ ಬೇಕನ್ ಸ್ಮಿತ್ 1992ರಲ್ಲಿ ಈ ಲೇಖಕಿಯರ ಬಗ್ಗೆ ಒಂದು ಪುಸ್ತಕ ತಂದರು. ಅದರಲ್ಲಿ ಕೆಲವರು ಹೇಳಿದ್ದು ಇದನ್ನೇ: ಕಥೆಗೆ ಹೆಣ್ಣೊಬ್ಬಳನ್ನು ತಂದರೆ ಸಾಕು, ಮೇರಿ ಸೂ ಅಂತಾರೆ. ಅದಕ್ಕೆ ಹೆಣ್ಣು ಪಾತ್ರಗಳನ್ನೇ ಬಿಟ್ಟವರೂ ಇದ್ರು. ಯೋಚಿಸಿ, ಬರೆಯೋರು ಹೆಂಗಸರು, ಓದೋರೂ ಹೆಂಗಸರು, ಕಥೆಯೊಳಗೆ ಮಾತ್ರ ಹೆಂಗಸಿಗೆ ಜಾಗ ಇಲ್ಲ.

ಅತ್ತ ಕರ್ಕ್ ಸಾಹೇಬರು? ಹೋದ ಗ್ರಹದಲ್ಲೆಲ್ಲ ಪ್ರೇಮ, ಗುದ್ದಾಟದಲ್ಲಿ ಗೆಲುವು, ಬರೀ ಮಾತಲ್ಲೇ ಕಂಪ್ಯೂಟರನ್ನು ಸುಟ್ಟುಹಾಕೋ ತಾಕತ್ತು. ಅದು ಹೀರೋಯಿಸಂ ಅಂತೆ!

ಎಲ್ಲರೂ ಹೆದರಲಿಲ್ಲ ಅನ್ನಿ. ಕೆಲವರು ಹೊಸಬಳನ್ನು ತರೋ ಬದಲು ಸರಣಿ ಮೂಲೆಗೆ ತಳ್ಳಿದವರನ್ನೇ ಎತ್ತಿಕೊಂಡರು. ಜೀನ್ ಲೋರಾ 1976ರಲ್ಲಿ ಸ್ಪಾಕ್‌ನ ತಾಯಿ ಅಮಾಂಡಾಳ ದಾಂಪತ್ಯದ ಬಗ್ಗೆ ಕಾದಂಬರಿ ಬರೆದರು. ಜೇನ್ ಲ್ಯಾಂಡ್ 1986ರಲ್ಲಿ ‘ಕಿಸ್ತಾ’ ಬರೆದು ಅದೇ ಅಳುಮುಂಜಿ ಚಾಪೆಲ್‌ಗೆ ಬುದ್ಧಿ, ಸ್ವಾಭಿಮಾನ, ಸ್ವಂತ ಬದುಕು ಕೊಟ್ಟರು. ಮರುವರ್ಷ ಬಂದ ‘ಡಿಮೀಟರ್’ನಲ್ಲಿ ಚಾಪೆಲ್ ಮತ್ತು ಉಹುರಾ ಹೆಂಗಸರೇ ಇರೋ ತಂಡದ ಜೊತೆ ದೂರದ ನೆಲೆಯೊಂದಕ್ಕೆ ಹೊರಡ್ತಾರೆ.

ಮುಂದಿನ ಭಾಗ: ಕಾಪಿರೈಟ್ ಗಲಾಟೆ.