ಜಾಗೀರಿನಿಂದ ಮಂಡಳಿಯವರೆಗೆ: ಕೊಪ್ಪಳ ಸೀಮೆಯ ಗ್ರಾಮಾಭಿವೃದ್ಧಿ ಅನುದಾನದ ಚರಿತ್ರೆ

ಪೀಠಿಕೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನು ರಾಯಚೂರು ಜಿಲ್ಲೆಯಿಂದ ಬೇರ್ಪಡಿಸಿ 1997ರ ಆಗಸ್ಟ್ 24ರಂದು ಕೊಪ್ಪಳ ಜಿಲ್ಲೆಯನ್ನು ರಚಿಸಲಾಯಿತು. ಈ ಸೀಮೆ ಹಿಂದುಳಿದದ್ದಕ್ಕೆ ನಿಜಾಮರ ಆಳ್ವಿಕೆ, ಬರ, ಗುಳೆ ಎಂಬ ಕಾರಣಗಳನ್ನು ಸಾಮಾನ್ಯವಾಗಿ ಕೊಡಲಾಗುತ್ತದೆ. ಹಣ ಹಂಚುವಾಗ ಸರ್ಕಾರ ಯಾವ ಘಟಕವನ್ನು ಅಳತೆಗೆ ಹಿಡಿಯಿತು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. ಯೋಜನಾ ಪ್ರದೇಶ, ಜಿಲ್ಲೆ, ತಾಲ್ಲೂಕು, ಗ್ರಾಮ ಹೀಗೆ ಅಳತೆ ಬದಲಾದಂತೆಲ್ಲ ಅನುದಾನ ಸೇರುವ ಊರುಗಳೂ ಬದಲಾದವು ಎಂಬುದು ಈ ಲೇಖನದ ವಾದ.

ಜಾಗೀರು ಮತ್ತು ಕಾಲುವೆ

ಹೈದರಾಬಾದ್ ಸಂಸ್ಥಾನದಲ್ಲಿ ಕೊಪ್ಪಳ ಮತ್ತು ಯಲಬುರ್ಗಾ ಸೀಮೆಗಳು ಸಾಲಾರ್ ಜಂಗ್ ಮನೆತನದ ಜಾಗೀರಿಗೆ ಸೇರಿದ್ದವು. ಅಲ್ಲಿನ ಕಂದಾಯ ಜಾಗೀರುದಾರರ ಪಾಲು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ, 1949ರಲ್ಲಿ ಜಾಗೀರು ಪದ್ಧತಿ ರದ್ದಾಯಿತು.

ಈ ಹೊತ್ತಿಗಾಗಲೇ ಸರ್ಕಾರದ ದೊಡ್ಡ ಮೊತ್ತವೊಂದು ಈ ಭಾಗಕ್ಕೆ ಹರಿಯತೊಡಗಿತ್ತು. ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಕೂಡಿ 1945ರ ಫೆಬ್ರುವರಿ 28ರಂದು ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗೆ ನೀರು ಬಂತು. ಮುನಿರಾಬಾದಿನಿಂದ ಹೊರಡುವ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ ಭಾಗವನ್ನು ಭತ್ತದ ಸೀಮೆಯನ್ನಾಗಿಸಿತು. ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡರು, ಅಕ್ಕಿ ಗಿರಣಿಗಳು ಎದ್ದವು. ಕಾಲುವೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದ ಕುಷ್ಟಗಿ, ಯಲಬುರ್ಗಾದ ಬಹುಪಾಲು ಹಳ್ಳಿಗಳಿಗೆ ಸಜ್ಜೆ, ಜೋಳ, ಕಡಲೆಯ ಒಣಬೇಸಾಯವೇ ಉಳಿಯಿತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಬೇರೆ. ನಾಲ್ಕು ತಾಲ್ಲೂಕುಗಳ ನಡುವಿನ ಇಂದಿನ ಅಂತರಕ್ಕೆ ಬುನಾದಿ ಬಿದ್ದದ್ದು ಇಲ್ಲಿ.

ಜಿಲ್ಲೆ ಎಂಬ ಅಳತೆ

1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಹಳ್ಳಿಗೆ ಬಿಡಿಒ ಕಚೇರಿಯನ್ನೂ ಗ್ರಾಮಸೇವಕರನ್ನೂ ತಂದಿತು. ಹಣದ ನಿರ್ಧಾರ ಮಾತ್ರ ಮೇಲೆಯೇ ಉಳಿಯಿತು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳು ಕಾರ್ಯಾರಂಭ ಮಾಡಿದಾಗ ಈ ನಾಲ್ಕು ತಾಲ್ಲೂಕುಗಳ ಅನುದಾನ ರಾಯಚೂರಿನಲ್ಲಿ ಹಂಚಿಕೆಯಾಗುತ್ತಿತ್ತು. ಹೈದರಾಬಾದ್ ಕರ್ನಾಟಕ ಹಿಂದುಳಿದದ್ದನ್ನು ಅಧ್ಯಯನ ಮಾಡಿದ ಧರ್ಮಸಿಂಗ್ ಸಮಿತಿಯ ವರದಿಯ ಬೆನ್ನಿಗೆ, 1991ರ ಕಾಯ್ದೆಯಂತೆ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಲಬುರಗಿಯಲ್ಲಿ ಸ್ಥಾಪನೆಯಾಯಿತು.

ಸ್ವಂತ ಜಿಲ್ಲೆ ಸಿಕ್ಕ ಮೇಲೆ ಒಂದು ವಿಪರ್ಯಾಸ ಎದುರಾಯಿತು. 2006ರಲ್ಲಿ ಉದ್ಯೋಗ ಖಾತರಿ ಯೋಜನೆಯ ಮೊದಲ ಹಂತಕ್ಕೆ ರಾಜ್ಯದಿಂದ ಆಯ್ಕೆಯಾದ ಜಿಲ್ಲೆಗಳು ಬೀದರ್, ಕಲಬುರಗಿ, ರಾಯಚೂರು, ಚಿತ್ರದುರ್ಗ ಮತ್ತು ದಾವಣಗೆರೆ. ಕೇಂದ್ರದ ಹಿಂದುಳಿದ ಪ್ರದೇಶಗಳ ಅನುದಾನ ನಿಧಿಗೂ ಇವೇ ಜಿಲ್ಲೆಗಳು. ಒಂಬತ್ತು ವರ್ಷಗಳ ಹಿಂದಷ್ಟೇ ರಾಯಚೂರಿನ ಭಾಗವಾಗಿದ್ದ ಕುಷ್ಟಗಿ, ಯಲಬುರ್ಗಾಗಳು ಎರಡೂ ಪಟ್ಟಿಗಳ ಹೊರಗುಳಿದವು. ಉದ್ಯೋಗ ಖಾತರಿ ಕೊಪ್ಪಳಕ್ಕೆ ಬಂದದ್ದು 2008ರ ಏಪ್ರಿಲ್ 1ರಿಂದ, ಕೊನೆಯ ಹಂತದಲ್ಲಿ. ವರ್ಷವರ್ಷ ಗುಳೆ ಹೋಗುವ ಹಳ್ಳಿಗಳಿಗೆ ಆ ಎರಡು ವರ್ಷ ಸಣ್ಣ ನಷ್ಟವಲ್ಲ.

ತಾಲ್ಲೂಕು ಎಂಬ ಅಳತೆ

ಈ ದೋಷಕ್ಕೆ ರಾಜ್ಯದ ಮಟ್ಟದಲ್ಲಿ ಉತ್ತರ ಆಗಲೇ ಸಿದ್ಧವಿತ್ತು. ಡಾ. ಡಿ.ಎಂ. ನಂಜುಂಡಪ್ಪ ನೇತೃತ್ವದ ಉನ್ನತಾಧಿಕಾರ ಸಮಿತಿ 2002ರಲ್ಲಿ ಕೊಟ್ಟ ವರದಿ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ ಪೈಕಿ 21 ಕಲಬುರಗಿ ವಿಭಾಗದವು. ಕುಷ್ಟಗಿ, ಯಲಬುರ್ಗಾ ಆ 39ರ ಪಟ್ಟಿಯಲ್ಲಿದ್ದವು. ಕೊಪ್ಪಳ, ಗಂಗಾವತಿ ಇರಲಿಲ್ಲ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಗೆ ಸಮಿತಿ ಶಿಫಾರಸು ಮಾಡಿತು. ಅದರ ಜಾರಿ 2007-08ರಿಂದ.

ಆದರೆ ತಾಲ್ಲೂಕಿನ ಸರಾಸರಿಯೂ ಎಲ್ಲವನ್ನೂ ಹೇಳುವುದಿಲ್ಲ. ಅಂದು ಗಂಗಾವತಿ ತಾಲ್ಲೂಕಿನೊಳಗೆ ಭತ್ತದ ಕಾರಟಗಿಯೂ ಇತ್ತು, ಮಳೆಯನ್ನೇ ನಂಬಿದ ಕನಕಗಿರಿ ಭಾಗವೂ ಇತ್ತು. ಕಾರಟಗಿಯ ಗಿರಣಿಗಳ ಸಂಪತ್ತು ಕನಕಗಿರಿ ಸುತ್ತಲಿನ ಒಣಭೂಮಿಯ ಬಡತನವನ್ನು ಅಂಕಿಯಲ್ಲಿ ಮುಚ್ಚಿತು. 2018ರಲ್ಲಿ ಕಾರಟಗಿ, ಕನಕಗಿರಿ ಮತ್ತು ಯಲಬುರ್ಗಾದಿಂದ ಬೇರೆಯಾದ ಕುಕನೂರು ಪ್ರತ್ಯೇಕ ತಾಲ್ಲೂಕುಗಳಾದವು. 2002ರ ಸೂಚ್ಯಂಕದಲ್ಲಿ ಈ ಮೂರಕ್ಕೂ ಸ್ವಂತ ಅಂಕಿಯಿಲ್ಲ.

ಮಂಡಳಿಯ ಕಾಲ

ಸಂವಿಧಾನದ 98ನೇ ತಿದ್ದುಪಡಿ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿಯನ್ನು ತಂದಿತು. ಅದರಂತೆ 2013ರಲ್ಲಿ ರಚನೆಯಾದ ಹೊಸ ಮಂಡಳಿಗೆ 2019ರಲ್ಲಿ ಕಲ್ಯಾಣ ಕರ್ನಾಟಕದ ಹೆಸರು ಬಂತು. ಅದರ ವಾರ್ಷಿಕ ಘೋಷಿತ ಅನುದಾನ 1,500 ಕೋಟಿಯಿಂದ 3,000 ಕೋಟಿಗೆ, ಅಲ್ಲಿಂದ 5,000 ಕೋಟಿ ರೂಪಾಯಿಗೆ ಏರಿದೆ. ಜೊತೆಗೆ ಸುವರ್ಣ ಗ್ರಾಮೋದಯ, ಗ್ರಾಮ ವಿಕಾಸ, 2021ರಲ್ಲಿ 750 ಪಂಚಾಯಿತಿಗಳಿಗೆ ಘೋಷಿಸಿದ ಅಮೃತ ಗ್ರಾಮ ಪಂಚಾಯಿತಿ ಹೀಗೆ ಊರನ್ನೇ ಘಟಕವಾಗಿಸಿಕೊಂಡ ಯೋಜನೆಗಳೂ ಬಂದವು.

ಈ ಹಣ ಊರಲ್ಲಿ ಕಾಣುವುದು ಸಿ.ಸಿ. ರಸ್ತೆ, ಚರಂಡಿ, ಶಾಲಾ ಕೊಠಡಿ, ಸಮುದಾಯ ಭವನದ ರೂಪದಲ್ಲಿ. ಓಣಿಯ ಒಂದು ಸಿ.ಸಿ. ರಸ್ತೆಯ ಕಡತವನ್ನೇ ನೋಡೋಣ: ಶಾಸಕರ ಸಲಹೆಯಂತೆ ಕ್ರಿಯಾ ಯೋಜನೆಗೆ ಸೇರ್ಪಡೆ, ಮಂಡಳಿಯ ಒಪ್ಪಿಗೆ, ಅಂದಾಜು ಪತ್ರಿಕೆ, ತಾಂತ್ರಿಕ ಮಂಜೂರಾತಿ, ಜನ ಇಂದಿಗೂ ‘ಲ್ಯಾಂಡ್ ಆರ್ಮಿ’ ಎಂದೇ ಕರೆಯುವ ನಿಗಮಕ್ಕೋ ಇಲಾಖೆಗೋ ಕಾಮಗಾರಿ, ಕೊನೆಗೆ ಮೊತ್ತ ಬರೆದ ನಾಮಫಲಕ. ಇಷ್ಟು ಮಜಲುಗಳಲ್ಲಿ ಗ್ರಾಮಸಭೆಯ ಮಾತು ನಡೆಯುವ ಜಾಗ ಕಡಿಮೆ. ರಸ್ತೆ ಮುಗಿದ ಮೇಲೆ ಜಲಜೀವನ ಮಿಷನ್ನಿನ ಪೈಪಿಗಾಗಿ ಅದನ್ನೇ ಅಗೆದರೆ, ಕಾಂಕ್ರೀಟಿನ ಸೀಳು ಮುಚ್ಚುವ ಹೊಣೆ ಯಾರ ಲೆಕ್ಕಶೀರ್ಷಿಕೆಯಲ್ಲೂ ಸಲೀಸಾಗಿ ಸಿಗುವುದಿಲ್ಲ. 2021-26ರ ಅವಧಿಯಲ್ಲಿ ಹದಿನೈದನೇ ಹಣಕಾಸು ಆಯೋಗದ ಹಣ ನೇರವಾಗಿ ಪಂಚಾಯಿತಿಗೆ ಬಂತು ನಿಜ, ಅದರಲ್ಲೂ ಶೇ. 60 ನೀರು ಮತ್ತು ನೈರ್ಮಲ್ಯಕ್ಕೆ ನಿಗದಿಯಾಗಿತ್ತು.

ಇದಕ್ಕೆ ಎದುರಾಗಿ 2019ರ ಎರಡು ಕೆಲಸಗಳನ್ನು ಗಮನಿಸಬೇಕು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಜನರನ್ನು ಕೂಡಿಸಿ ಕೊಪ್ಪಳದ ಹಿರೇಹಳ್ಳವನ್ನು ಸ್ವಚ್ಛಗೊಳಿಸಿದರು. ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆಯ ಹೂಳನ್ನು ಜನರೇ ಸೇರಿ ತೆಗೆಸಿದರು. ಊರಿಗೆ ಯಾವ ಕೆಲಸ ಮೊದಲು ಬೇಕು ಎಂಬುದು ಊರವರಿಗೆ ಗೊತ್ತಿತ್ತು ಎಂಬುದಕ್ಕೆ ಇವೆರಡೂ ಸಾಕ್ಷಿ.

ಸಮಾರೋಪ

ಮೇಲಿನ ವಿವರಗಳಿಂದ ಎರಡು ನಿರ್ಣಯಗಳಿಗೆ ಬರಬಹುದು. ಒಂದು, ಈ ಸೀಮೆಗೆ ಹಣ ಬರಲಿಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ಬಂದ ಹಣ ದೊಡ್ಡ ಘಟಕದ ಸರಾಸರಿಯನ್ನು ನಂಬಿ ಒಣಹಳ್ಳಿಗಳನ್ನು ದಾಟಿಹೋಯಿತು. ಎರಡು, ಕಟ್ಟಲು ಸಿಕ್ಕಷ್ಟು ಸುಲಭವಾಗಿ ಕಾಯ್ದುಕೊಳ್ಳಲು ಹಣ ಸಿಕ್ಕಿಲ್ಲ. ಮುಂದಿನ ಸೂಚ್ಯಂಕವನ್ನು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ತಯಾರಿಸಬೇಕು. ಮಂಡಳಿಯ ಪ್ರತಿ ಕಾಮಗಾರಿಯ ಮೊತ್ತದಲ್ಲೂ ನಿರ್ವಹಣೆಯ ಪಾಲನ್ನು ತೆಗೆದಿರಿಸಿ ಆಯಾ ಪಂಚಾಯಿತಿಗೆ ಒಪ್ಪಿಸಬೇಕು. ಇವೆರಡೂ ಆಗದೆ ಅನುದಾನವನ್ನು ಹೆಚ್ಚಿಸುತ್ತ ಹೋದರೆ ನಾಮಫಲಕಗಳು ಹೆಚ್ಚಾದಾವು, ಕುಷ್ಟಗಿ, ಯಲಬುರ್ಗಾದ ಗುಳೆ ನಿಲ್ಲದು.